ಬೂದಿ ಸುರಿದ ಮಧ್ಯಾಹ್ನ

ಹೋಟೆಲಿನ ಕಿಟಕಿ ತೆರೆದರೆ ಮೊದಲು ಕಾಣುತ್ತಿದ್ದುದು ಬೆಟ್ಟದ ನೆತ್ತಿಯ ಹೊಗೆ. ಯಾರೋ ಮೇಲೆ ಹಸಿ ಸೌದೆಗೆ ಬೆಂಕಿಯಿಟ್ಟು ಮರೆತು ಹೋಗಿದ್ದಾರೆ ಎನ್ನುವ ಹಾಗೆ ಅದು ಹಗಲೂ ರಾತ್ರಿಯೂ ಸಣ್ಣಗೆ ಏಳುತ್ತಲೇ ಇತ್ತು. ದ್ವೀಪದ ಜನ ಅದರ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಕೈಯ ಮದರಂಗಿ ಇನ್ನೂ ಮಾಸದ ನಾನು ಮಾತ್ರ, ಸಂಜೆಗಳಲ್ಲಿ ಮಾತಾಡಲು ಬೇರೆ ಯಾರೂ ಇಲ್ಲದವಳಂತೆ, ಅದನ್ನೇ ನೋಡುತ್ತ ಕೂರುತ್ತಿದ್ದೆ.

ಗಂಡ ಗಂಗಾಧರ ಕೆಟ್ಟವರಲ್ಲ. ಹಗಲಿನಲ್ಲಿ ನಗುತ್ತಿದ್ದರು, ಮೀನುಗಾರರ ದೋಣಿಗಳನ್ನು ತೋರಿಸುತ್ತಿದ್ದರು, ಎಳನೀರು ಕುಡಿದ ಮೇಲೆ ಗಂಜಿಯನ್ನು ನನಗೇ ಬಿಡುತ್ತಿದ್ದರು. ಹೊತ್ತು ಇಳಿಯುತ್ತಿದ್ದ ಹಾಗೆ ಬೇರೆಯೇ ಮನುಷ್ಯರಾಗುತ್ತಿದ್ದರು. ದಡದಲ್ಲಿ ನಡೆಯೋಣವೆಂದರೆ ತಲೆನೋವು. ದೀಪ ತೂಗುಹಾಕಿದ ಅಂಗಳದಲ್ಲಿ ಊಟ ಮಾಡೋಣವೆಂದರೆ ಬೇಡ, ಕೋಣೆಗೇ ತರಿಸೋಣ. ಬೇರೆ ಜೋಡಿಗಳು ಮರಳಿನ ಮೇಲೆ ನಗುವುದನ್ನು ಕೇಳುತ್ತ, ಇವರಿಗೆ ನಾನು ಇಷ್ಟವಾಗಿಲ್ಲ, ಮನೆಯವರ ಒತ್ತಾಯಕ್ಕೆ ತಾಳಿ ಕಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮನಸ್ಸಿನಲ್ಲಿ ಇನ್ಯಾರೋ ಇದ್ದಾರೆಂಬ ಅನುಮಾನವೂ ಇತ್ತು.

ದ್ವೀಪವನ್ನು ದಾಟಿ ಪಡುವಣ ದಡಕ್ಕೆ ಹೋಗಿಬರುವ ಯೋಚನೆ ನನ್ನದು. ಬೆಟ್ಟದ ಹೆಗಲ ಮೇಲೆ ಹಾದುಹೋಗುವ ದಾರಿ. ಆಚೆ ಬದಿಯ ಹಳ್ಳಿಯಲ್ಲಿ ನಿಂತರೆ, ಕತ್ತಲಾದ ಮೇಲೆ ಬೆಟ್ಟದ ಬಾಯಿಯ ಕೆಂಪು ಬೆಳಕು ಕಾಣುತ್ತದೆಂದು ಹೋಟೆಲಿನವರು ಹೇಳಿದ್ದರು. ಹೋಗೋಣ, ಆದರೆ ಬೆಳಕಿರುವಾಗಲೇ ಹಿಂತಿರುಗಬೇಕು ಎಂದರು ಗಂಗಾಧರ. ಹಾಗಾದರೆ ಹೋಗಿ ನೋಡುವುದಾದರೂ ಏನನ್ನು ಎಂದು ಕೇಳಿದೆ. ಅವರು ಬಾಡಿಗೆ ಸ್ಕೂಟರಿನ ಕೀಲಿ ತೆಗೆದುಕೊಂಡು ಕೆಳಗಿಳಿದರು. ನಾನು ಅಣ್ಣನ ಸ್ಕೂಟರಿನಲ್ಲೇ ಕಾಲೇಜಿಗೆ ಓಡಾಡಿದವಳು. ಅರ್ಧ ದಾರಿ ನಾನು ಓಡಿಸುತ್ತೇನೆ ಎಂದರೆ ಅದಕ್ಕೂ ಬೇಡವೆಂದರು.

ಏರು ಹತ್ತುತ್ತ ಹೋದಂತೆ ತೆಂಗು, ಬಾಳೆ ಹಿಂದುಳಿದವು. ಎಂದೋ ಹರಿದು ಹೆಪ್ಪುಗಟ್ಟಿದ ಕರಿಬಂಡೆಯ ಬಯಲು ಶುರುವಾಯಿತು. ಬಿರುಕುಗಳಲ್ಲಿ ತಲೆಯೆತ್ತಿದ ಜರಿಗಿಡಗಳನ್ನು ಬಿಟ್ಟರೆ ಅಲ್ಲಿ ಹಸಿರೇ ಇರಲಿಲ್ಲ. ದಾರಿಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಆಳದ ಕಂದರ. ಏರುದಾರಿಯ ತುದಿಯಲ್ಲಿ ಬುತ್ತಿ ಬಿಚ್ಚಿದೆವು. ಕೈಗೆತ್ತಿಕೊಂಡ ತುತ್ತನ್ನು ನಾನು ಕೆಳಗಿಟ್ಟೆ.

"ನನ್ನ ಜೊತೆ ಇರೋದು ನಿಮಗೆ ಕಷ್ಟ ಆಗ್ತಿದ್ರೆ ಹೇಳಿಬಿಡಿ," ಎಂದೆ.

ಅವರು ಬುತ್ತಿಯನ್ನು ಮತ್ತೆ ಕಟ್ಟುತ್ತ, "ಹಾಗೇನಿಲ್ಲ," ಎಂದಷ್ಟೇ ಹೇಳಿದರು.

ಆಗಲೇ ಅಂಗಾಲಿನಡಿ ಏನೋ ಗುದ್ದಿದಂತಾಯಿತು. ಸದ್ದು ಆಮೇಲೆ ಬಂತು. ತಲೆಯೆತ್ತಿದರೆ, ದಿನವೂ ನಾನು ನೋಡುತ್ತಿದ್ದ ಆ ತೆಳು ಹೊಗೆ ಇರಲಿಲ್ಲ. ಅದರ ಜಾಗದಲ್ಲಿ ಕಡುಕಪ್ಪು ಕಂಬವೊಂದು ಉರುಳುತ್ತ, ಉಬ್ಬುತ್ತ ಮೇಲೇರುತ್ತಿತ್ತು. ನಾವು ಬಂದ ದಾರಿಯಿಂದ ಜನರನ್ನು ತುಂಬಿಕೊಂಡ ಲಾರಿಯೊಂದು ಧಾವಿಸಿ ಬಂತು. ಹಿಂದಕ್ಕೆ ಹೋಗಬೇಡಿ, ಗಾಳಿ ಆ ಕಡೆಗೇ ಬೀಸುತ್ತಿದೆ, ಪಡುವಣಕ್ಕೆ ಇಳಿಯಿರಿ ಎಂದು ಚಾಲಕ ಕೈಬೀಸಿ ಕೂಗಿ ಮುಂದೆ ಹೋದ. ಅದರಲ್ಲಿ ಕಾಲಿಡಲೂ ಜಾಗವಿರಲಿಲ್ಲ.

ನಾವೂ ಅದರ ಹಿಂದೆಯೇ ಇಳಿದೆವು. ಸ್ವಲ್ಪ ಹೊತ್ತಿಗೆಲ್ಲ ಗಾಳಿ ತಿರುಗಿತು. ಮೊದಲು ಬೆಂಕಿಕಡ್ಡಿ ಗೀರಿದಂಥ ವಾಸನೆ, ಆಮೇಲೆ ಜರಡಿ ಹಿಡಿದಂತೆ ಬೂದಿ. ನಡುಹಗಲು ಬೇಗ ಬೇಗ ಮುಚ್ಚಿಕೊಂಡು ಕತ್ತಲಾಯಿತು. ಸ್ಕೂಟರಿನ ದೀಪ ಕೆಲವು ಮಾರು ದೂರವಷ್ಟೇ ಹಳದಿಯಾಗಿ ಬೀಳುತ್ತಿತ್ತು. ಗಂಗಾಧರರ ಬೆನ್ನು ಮರಗಟ್ಟಿದಂತೆ ಬಿಗಿದಿತ್ತು. ಎದುರಿಗೆ ದಾರಿ ಎಡಕ್ಕೆ ತಿರುಗುವುದು ನನಗೆ ಕಂಡಿತು. ಸ್ಕೂಟರ್ ತಿರುಗಲಿಲ್ಲ.

"ನಿಲ್ಲಿಸಿ!"

ಮುಂದಿನ ಚಕ್ರದಡಿಯ ಕಲ್ಲುಗಳು ಉರುಳಿದವು. ಅವು ಕೆಳಗೆ ಬಿದ್ದ ಸದ್ದು ಕೇಳಿಸಲೇ ಇಲ್ಲ. ನಾನು ಜಿಗಿದಿಳಿದು, ಹಿಂದಿನಿಂದ ಎಳೆದೆ. ಅವರೂ ಕಾಲೂರಿ ಹಿಂದಕ್ಕೆ ತಳ್ಳಿದರು. ಸ್ಕೂಟರ್ ದಾರಿಗೆ ಬಂದ ಮೇಲೆ ಪಕ್ಕದ ಕತ್ತಲಲ್ಲಿ ನಿಂತು, ಸಾಯಿಸಬೇಕೆಂದೇ ಕರಕೊಂಡು ಬಂದಿರಾ ಎಂದು ಬಾಯಿಗೆ ಬಂದಂತೆ ಬೈದೆ. ಅವರು ಕೆಳಗಿಳಿದು ನನ್ನ ಕಡೆ ಕೈ ಚಾಚಿದರು. ಆ ಕೈ ನಾನಿಲ್ಲದ ಕಡೆ ಗಾಳಿಯಲ್ಲಿ ತಡಕಾಡುತ್ತಿತ್ತು.

"ಎಲ್ಲಿದ್ದೀಯ?" ಎಂದರು.

ನಾನು ಅವರೆದುರು ಒಂದು ತೋಳಿನಳತೆಯಲ್ಲಿದ್ದೆ.

ಸಂಜೆಗಳ ತಲೆನೋವು, ಕೋಣೆಯ ಊಟ, ಬೆಳಕಿರುವಾಗಲೇ ಹಿಂತಿರುಗುವ ಹಟ, ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಕತ್ತಲಲ್ಲಿ ತನಗೇನೂ ಕಾಣುವುದಿಲ್ಲ, ಚಿಕ್ಕಂದಿನಿಂದಲೂ ಹೀಗೆ, ವರ್ಷಗಳು ಹೋದಂತೆ ಹಗಲಿನ ನೋಟವೂ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ ಎಂದು ಅವರು ಹೇಳಿದರು.

"ಮದುವೆಗೆ ಮುಂಚೆ ಯಾಕೆ ಹೇಳಲಿಲ್ಲ?"

"ಅಮ್ಮ ಬೇಡ ಅಂದ್ರು. ನಾನೂ ಸುಮ್ಮನಿದ್ದೆ. ಅವರೊಬ್ಬರದೇ ತಪ್ಪಲ್ಲ."

ಜಗಳಕ್ಕೆ ಅಲ್ಲಿ ಸಮಯವಿರಲಿಲ್ಲ. ವೇಲನ್ನು ಹರಿದು ಇಬ್ಬರ ಮೂಗಿಗೂ ಕಟ್ಟಿ, ಕೀಲಿ ಕಸಿದುಕೊಂಡು ನಾನು ಮುಂದೆ ಕೂತೆ. ದಾರಿ ಸಾಬೂನು ಸವರಿದಂತೆ ಜಾರುತ್ತಿತ್ತು. ಕಣ್ಣಿಗೆ ಬೂದಿ ತುಂಬಿ, ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದು ಓಡಿಸಿದೆ. ಕನಿಕರವೇನೂ ಬರಲಿಲ್ಲ. ಊರಿಗೆ ಹೋದ ಕೂಡಲೇ ಇವರನ್ನು ಬಿಟ್ಟುಬಿಡುತ್ತೇನೆ ಎಂದು ಪ್ರತಿ ತಿರುವಿನಲ್ಲೂ ಅಂದುಕೊಂಡೆ. ಆ ಕೋಪವೇ ಸ್ಕೂಟರನ್ನು ದಾರಿ ತಪ್ಪದಂತೆ ಹಿಡಿದಿತ್ತೋ ಏನೋ.

ಹಳ್ಳಿ ತಲುಪಿದಾಗ ಜನ ಸೂರುಗಳು ಕುಸಿಯದಿರಲೆಂದು ಬೂದಿಯನ್ನು ಗುಡಿಸಿ ಕೆಳಗೆ ತಳ್ಳುತ್ತಿದ್ದರು. ಶಾಲೆಯ ಹಜಾರದಲ್ಲಿ ನಮಗೆ ಜಾಗ ಕೊಟ್ಟರು. ನನ್ನ ರೆಪ್ಪೆಗಳು ಅಂಟಿಕೊಂಡು ತೆರೆಯಲಾಗುತ್ತಿರಲಿಲ್ಲ. ಗಂಗಾಧರ ಯಾರಿಂದಲೋ ನೀರು ಕೇಳಿ ತಂದರು. ಪೆಟ್ರೊಮ್ಯಾಕ್ಸಿನ ಕೆಳಗೆ ನನ್ನನ್ನು ಕೂರಿಸಿ, ಗದ್ದ ಹಿಡಿದು, ಒದ್ದೆ ಬಟ್ಟೆಯಿಂದ ಬಹಳ ಮೆಲ್ಲಗೆ ಕಣ್ಣು ತೊಳೆದರು.

ಮಾರನೆಯ ದಿನ ಅಂಗಡಿಯೊಂದರ ಫೋನಿನಿಂದ, ನಾನು ಕೇಳದಿದ್ದರೂ, ನನ್ನೆದುರಿಗೇ ನಮ್ಮ ತಂದೆಗೆ ಫೋನ್ ಮಾಡಿದರು. "ಮಾವ, ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟು ಮದುವೆ ಆಗಿದ್ದೀನಿ," ಎಂದು ಶುರುಮಾಡಿ ಎಲ್ಲವನ್ನೂ ಹೇಳಿದರು. ಅಪ್ಪ ನನ್ನ ಕೈಗೆ ಫೋನ್ ಕೊಡಿಸಿ, ಸೀದಾ ಮನೆಗೆ ಬಾ ಎಂದರು. ಹೋದೆ.

ಈಗ ಅವರಿಗೆ ಹಗಲೂ ಇಲ್ಲ. ನನ್ನ ತಲೆ ನರೆತದ್ದನ್ನು ಅವರು ನೋಡಿಲ್ಲ. ನಾನು ಹೇಗೆ ಮರಳಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಒಂದು ಭಾನುವಾರ. ನಾನು ತವರಿನಲ್ಲಿದ್ದ ಆ ತಿಂಗಳುಗಳಲ್ಲಿ ಅವರು ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅಪ್ಪ ಮುಖ ಕೊಟ್ಟು ಮಾತಾಡದಿದ್ದರೂ ಇವರು ಜಗಲಿಯಲ್ಲಿ ಕೂರುತ್ತಿದ್ದರು. ಬಾ ಎಂದು ನನ್ನನ್ನು ಒಮ್ಮೆಯೂ ಕರೆಯಲಿಲ್ಲ. ಬೆಳಕು ಕಂದುವ ಮೊದಲೇ ಎದ್ದು ಹೊರಡುತ್ತಿದ್ದರು. ಆ ಭಾನುವಾರ ನಮ್ಮಿಬ್ಬರ ಮಾತು ಬೆಳೆಯುತ್ತಲೇ ಹೋಯಿತು. ಹೊತ್ತು ಮುಳುಗುತ್ತಿರುವುದು ನನಗೆ ಕಂಡಿತು, ಹೇಳಲಿಲ್ಲ. ಅವರಿಗೂ ಗೊತ್ತಾಗಿರಬೇಕು, ಏಳಲಿಲ್ಲ. ಬೀದಿಯ ತುದಿಯಲ್ಲಿ ಕೊನೆಯ ಬಸ್ಸು ನಿಂತು, ಸ್ವಲ್ಪ ಕಾದು, ಹೊರಟುಹೋಯಿತು. ಬಾಗಿಲಿಗೆ ಬಂದ ಅಮ್ಮ ನಮ್ಮಿಬ್ಬರನ್ನೂ ನೋಡಿ ಹಿಂದಿರುಗಿದಳು. ಒಳಗೆ ಮತ್ತೊಂದು ಹಿಡಿ ಅಕ್ಕಿ ತೊಳೆಯುವ ಸದ್ದು ಕೇಳಿಸಿತು.