ಯಾವ ಕೆಂಪು?

ಬಸ್ ಡ್ರೈವರ್‌ಗೆ ಒಬ್ಬಳೇ ಮಗಳು. ಹೈಸ್ಕೂಲಿಗೆ ಬಂದರೂ ಅವಳ ಉಗ್ಗು ಹೋಗಿರಲಿಲ್ಲ. ಅವಳು ಒಂದು ಮಾತಿಗೆ ತಡವರಿಸಿದರೆ ಸಾಕು, ಉಳಿದದ್ದನ್ನೆಲ್ಲ ಅಪ್ಪನೇ ಹೇಳಿ ಮುಗಿಸಿಬಿಡುತ್ತಿದ್ದ. ನಾಲ್ಕು ಜನರೆದುರು ಮಗಳು ಮುಜುಗರ ಪಡಬಾರದಲ್ಲ! "ನೀವು ಯಾರಿಗೂ ಸ್ಟೇರಿಂಗ್ ಬಿಟ್ಟುಕೊಡೋರಲ್ಲ ಬಿಡಿ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಆ ಭಾನುವಾರ ಮೂವರೂ ಸಸ್ಯೋದ್ಯಾನಕ್ಕೆ ಹೊರಟರು. ಜೊತೆಗೆ ಡ್ರೈವರ್‌ನ ಹಳೆಯ ಗೆಳೆಯನೂ ಇದ್ದ. ಅವನು ಬೋರ್ಡು ಬರೆಯುವ ಪೇಂಟರ್. ಪೇಟೆಯ ಅರ್ಧ ಅಂಗಡಿಗಳ ಹೆಸರು ಅವನ ಕೈಯಿಂದಲೇ ಮೂಡಿದ್ದು. ಹಿಂದಿನ ವರ್ಷ ಅವನ ದೃಷ್ಟಿ ಪೂರ್ತಿ ಹೋಗಿತ್ತು. ಅಂದಿನಿಂದ ಹೊಸ್ತಿಲು ದಾಟಿದವನಲ್ಲ. ಕಾಣದವನಿಗೆ ಹೂದೋಟ ಯಾಕೆ ಎಂದು ಅವನು ಹಟ ಹಿಡಿದರೂ ಡ್ರೈವರ್ ಬಿಡದೆ ಎಬ್ಬಿಸಿಕೊಂಡು ಬಂದಿದ್ದ.

ಗಾಜಿನ ಮನೆಯೊಳಗೆ ಕಾಲಿಟ್ಟ ಕೂಡಲೇ ಹಸಿಮಣ್ಣಿನ ಬೆಚ್ಚನೆಯ ವಾಸನೆ ಮುಖಕ್ಕೆ ತಾಗಿತು. ಪೇಂಟರ್ ನಿಂತು, ಎದುರಿಗೆ ಏನಿದೆ ಎಂದು ಕೇಳಿದ. ಹೂವಿದೆ, ಕೆಂಪಗಿದೆ ಎಂದ ಡ್ರೈವರ್.

"ಯಾವ ಕೆಂಪೋ? ನನ್ನ ಡಬ್ಬಿಗಳಲ್ಲೇ ಎಷ್ಟೋ ಥರದ ಕೆಂಪಿತ್ತಲ್ಲ."

ಡ್ರೈವರ್ ತಲೆ ಕೆರೆದುಕೊಂಡ. ಅವನು ದಿನಾ ನೋಡುತ್ತಿದ್ದದ್ದು ಸಿಗ್ನಲ್ಲಿನ ಕೆಂಪೊಂದೇ. ಆಗ ಮಗಳು ಮುಂದೆ ಬಂದು ಪೇಂಟರ್‌ನ ಕೈ ಹಿಡಿದಳು.

"ಹೊ... ಹೊರಗಡೆ ಇಟ್ಟಿಗೆ ಥರ, ಮಾಮ. ಒಳಗೆ ಹೋಗ್ತಾ ಹೋಗ್ತಾ ಕ... ಕ..."

'ಕಪ್ಪು' ಎನ್ನಲು ಡ್ರೈವರ್ ದನಿ ತೆಗೆದ. ಪೇಂಟರ್ ಅವನ ತೋಳು ಒತ್ತಿ ಹಿಡಿದ.

"ಸುಮ್ನಿರೋ. ನಾನು ನೋಡ್ತಾ ಇದೀನಿ, ಅಡ್ಡ ಬರಬೇಡ."

"ಕ... ಕತ್ತರಿಸಿದ ಬೀಟ್‌ರೂಟ್ ಥರ," ಎಂದಳು ಮಗಳು.

ಡ್ರೈವರ್ ಬಗ್ಗಿ ನೋಡಿದ. ಕಪ್ಪಲ್ಲ, ಬೀಟ್‌ರೂಟೇ. ಇಷ್ಟು ವರ್ಷ ಇವಳ ಬಾಯಿಂದ ತಾನು ಕಿತ್ತುಕೊಂಡ ಮಾತುಗಳಲ್ಲಿ ಎಷ್ಟು ಹೀಗೆ ತಪ್ಪಾಗಿದ್ದವೋ ಎಂದು ಅವನಿಗೆ ಕಸಿವಿಸಿಯಾಯಿತು. ಅವರಿಬ್ಬರನ್ನೂ ಮುಂದೆ ಬಿಟ್ಟು ತಾನು ಹಿಂದೆ ನಡೆದ.

ಅವಳು ತೋಟವನ್ನೆಲ್ಲ ಹೇಳಿದಳು. ಕೊಳದ ಮೇಲೆ ಅಂಚು ಮಡಚಿಕೊಂಡು ತೇಲುವ ಎಲೆಗಳನ್ನು, ಮೈಯೆಲ್ಲ ಸಿಪ್ಪೆ ಸುಲಿದುಕೊಂಡ ಮರವನ್ನು, ಬಿದಿರಿನ ಮೆಳೆಯೊಳಗಿನ ಹಸಿರು ಬೆಳಕನ್ನು. ಉಗ್ಗು ಎಲ್ಲಿಗೂ ಹೋಗಿರಲಿಲ್ಲ. ಅವಳು ತಡೆದಲ್ಲಿ ಪೇಂಟರ್ ಆತುರವಿಲ್ಲದೆ ಕಾದ. ಒಮ್ಮೆ, ಅವಳು ಹೇಳಿದ ಹೂವಿನ ಹಳದಿಗೆ ತಾನಾದರೆ ಒಂದು ಹನಿ ಬಿಳಿ ಬೆರೆಸುತ್ತಿದ್ದೆ ಎಂದ; ಬೇಡ ಮಾಮ, ಹಾಗೇ ಚೆನ್ನಾಗಿದೆ ಎಂದು ಅವಳು ವಾದಕ್ಕೇ ನಿಂತಳು. ಹಿಂದೆ ಬರುತ್ತಿದ್ದ ಯಾರೋ ದಂಪತಿ ಅವಳ ಮಾತು ಕೇಳಲೆಂದೇ ನಡಿಗೆ ನಿಧಾನ ಮಾಡಿದರು. ಡ್ರೈವರ್ ಹೆಂಡತಿಯ ಮುಖ ನೋಡಿದ. ಅವಳು ನಗುತ್ತಿದ್ದಳು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಹೊರಡುವಾಗ ಪೇಂಟರ್, ಮುಂದಿನ ವಾರವೂ ಬರೋಣವೇ ಎಂದು ಹುಡುಗಿಯನ್ನು ಕೇಳಿದ. ಗೆಳೆಯನತ್ತ ತಿರುಗಿ, "ನೀನು ಬರದಿದ್ರೂ ನಡೆಯುತ್ತೆ" ಎಂದ.

ಮರುದಿನ ಡಿಪೋದಲ್ಲಿ ಕಂಡಕ್ಟರ್ ಭಾನುವಾರ ಹೇಗಿತ್ತೆಂದು ಕೇಳಿದ್ದೇ ತಡ, ಡ್ರೈವರ್ ಎದೆಯುಬ್ಬಿಸಿ ಶುರುಮಾಡಿದ. ಬಸ್ಸು ಹೊರಡುವ ಹೊತ್ತಾದರೂ ಅವನು ಹೇಳುತ್ತಿದ್ದ ಮಗಳ ಸುದ್ದಿ ಇನ್ನೂ ಕೊಳದ ಹತ್ತಿರವೇ ಇತ್ತು.