ರಾಜಧಾನಿಗೆ ಒಯ್ದ ತಂಡ

ನಮ್ಮ ಕನ್ನಡ ಸಂಘದ ಅಧ್ಯಕ್ಷ ಜನಾರ್ದನನಿಗೆ ಶಾಲು ಹೊದಿಸುವುದೊಂದು ಚಟ. ಸಿಕ್ಕವರಿಗೆಲ್ಲ ಹೊದಿಸುತ್ತಾನೆ, ತಾನೇ ಬರೆದ ಮಾನಪತ್ರವನ್ನು ತಾನೇ ಗಂಟಲು ಹರಿಯುವಂತೆ ಓದುತ್ತಾನೆ. ಹೋದ ತಿಂಗಳು ಸಿಕ್ಕವರು ಹ್ವಾಂಗ್ ಸಾಹೇಬರು, ಕೊಂಡಾಪುರದ ಕೊರಿಯನ್ ಕಂಪನಿಯೊಂದರ ದೊಡ್ಡ ಅಧಿಕಾರಿ.

ಪ್ರೀತಿ ಉಕ್ಕಿ ಕರೆದದ್ದಲ್ಲ ಬಿಡಿ. ಹಿಮಾಯತ್‌ನಗರದ ಸಂಘವನ್ನು ಕಿತ್ತು ನಗರದ ಇನ್ನೊಂದು ತುದಿಯ ಕೊಂಡಾಪುರಕ್ಕೆ ಒಯ್ಯುವ ಹುನ್ನಾರ. ಅಲ್ಲಿ ಐಟಿ ಮಂದಿ ಇದ್ದಾರಂತೆ, ಹ್ವಾಂಗರ ಕಂಪನಿ ಎಸಿ ಹಾಲ್ ಕೊಡುತ್ತದಂತೆ. ಇಲ್ಲಿನ ವಾಚನಾಲಯದ ಕೀಲಿ ಮೂವತ್ತೊಂದು ವರ್ಷದಿಂದ ನನ್ನ ಸೆರಗಿನಲ್ಲಿತ್ತು. ದಿನಾ ಪೇಪರು ಓದಲು ಬರುವ ಹದಿನಾಲ್ಕು ಹಿರಿಯರು ಬಸ್ಸು ಬದಲಿಸಿ ಅಷ್ಟು ದೂರ ಹೋದಾರೆಯೇ? ಕೇಳಿದ್ದಕ್ಕೆ ಮಹಾಶಯನ ಉತ್ತರ:

“ಅಂಬುಬಾಯಾರ, ಸಂಘ ಬೆಳೀಬೇಕಂದ್ರ ಜಾಗಾ ಬಿಡಬೇಕ್ರಿ. ಸನ್ಮಾನ ಮುಗೀಲಿ, ಕೈ ಎತ್ತಿಸಿ ಠರಾವು ಪಾಸ್ ಮಾಡೂಣು.”

ಸನ್ಮಾನದ ದಿನ ಮಾನಪತ್ರದ ತುಂಬ ಹ್ವಾಂಗರ ಕಂಪನಿಯ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ. ಇಂಟರ್‌ನೆಟ್‌ನಿಂದ ಇಳಿಸಿದ್ದು. ಸಣ್ಣ ಊರಲ್ಲಿ ಏಳೆಂಟು ವರ್ಷ ಆಡಿದ ತಂಡವನ್ನು ಮಾಲೀಕರು ದೂರದೃಷ್ಟಿಯಿಂದ ರಾಜಧಾನಿಗೆ ಒಯ್ದರು, ಅಲ್ಲಿ ಅದು ಕಪ್ ಗೆದ್ದಿತು. “ನಾವೂ ಹಂಗ ದೊಡ್ಡ ಮನಸ್ಸು ಮಾಡೂಣು!” ಎಂದು ಜನಾರ್ದನ ನನ್ನ ಕಡೆ ನೋಡಿ ಕೂಗಿದ. ಹ್ವಾಂಗರ ಆಫೀಸಿನ ದುಭಾಷಿ ಧನಶ್ರೀ ಅದನ್ನೆಲ್ಲ ಅವರ ಕಿವಿಯಲ್ಲಿ ಹೇಳಿದಳು. ಅವರ ಮುಖ ಬಿಗಿಯಿತು.

ನಮ್ಮ ಮಂದಿ ರೈಲಿನಲ್ಲಿ ಪಕ್ಕ ಕೂತವರನ್ನೂ “ಯಾವೂರ್ರಿ ನಿಮ್ದು?” ಎಂದು ಕೇಳದೆ ಬಿಡುವುದಿಲ್ಲ. ಈ ಶಾಣ್ಯಾ ಸನ್ಮಾನ ಮಾಡಿಸಿಕೊಳ್ಳುವವರನ್ನೇ ಕೇಳಿರಲಿಲ್ಲ!

ಹ್ವಾಂಗರು ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡಿದರು. ಒಂದಕ್ಷರ ತಿಳಿಯದ ಜನಾರ್ದನ ಪ್ರತಿ ಮಾತಿಗೂ ಚಪ್ಪಾಳೆ ತಟ್ಟಿದ, ಸಭೆಯಿಂದಲೂ ತಟ್ಟಿಸಿದ. ಆಮೇಲೆ ಧನಶ್ರೀ ಕನ್ನಡದಲ್ಲಿ ಹೇಳಿದಳು:

“ಆ ಸಣ್ಣ ಊರು ಸರ್ ಅವರದ ಅಂತ್ರಿ. ತಂಡ ಒಯ್ಯೂ ಸುದ್ದಿ ಟಿವಿಯೊಳಗ ನೋಡಿ ಗೊತ್ತಾತಂತ, ಊರವರನ್ನ ಯಾರೂ ಕೇಳಲಿಲ್ಲಂತ. ಅವರ ಅಪ್ಪ ಮುಂದ ಸ್ಟೇಡಿಯಂ ಮೆಟ್ಟಲಾ ಹತ್ತಲಿಲ್ಲಂತ. ಒಂಬತ್ತು ವರ್ಷ ಓಡ್ಯಾಡಿ ಊರವರ ಸೇರಿ ಬ್ಯಾರೆ ತಂಡ ಕಟ್ಯಾರಂತ. ‘ಪಗಾರ ಈ ಕಂಪನಿದು, ಆದ್ರ ನಾ ಕೂಗೂದು ನಮ್ಮೂರಿಗೆ’ ಅಂತಾರ್ರಿ.”

ಹ್ವಾಂಗರು ಶಾಲು ತೆಗೆದು, ಮಡಚಿ, ನನ್ನ ಮಡಿಲಲ್ಲಿಟ್ಟು ಹೊರಟುಹೋದರು.

ಭಂಡನಿಗೆ ಅದೂ ನಾಟಲಿಲ್ಲ. ಕೊಂಡಾಪುರದಿಂದ ಬಸ್ಸು ಮಾಡಿ ಕರೆತಂದ ಹೊಸ ಸದಸ್ಯರಿಂದ ಕೈ ಎತ್ತಿಸಿ ಠರಾವು ಪಾಸು ಮಾಡಿಕೊಂಡ. ಬೋರ್ಡು, ಕಪಾಟು, ನನ್ನ ಕೀಲಿ, ಎಲ್ಲ ಒಯ್ದ.

ಮರುದಿನ ಮುಂಜಾನೆ ಬಾಗಿಲು ತೆಗೆದರೆ ನನ್ನ ಮನೆಯ ಪಡಸಾಲೆಯ ಮುಂದೆ ಹದಿನಾಲ್ಕು ಜೊತೆ ಚಪ್ಪಲಿ. ಹ್ವಾಂಗರ ಊರಿಗೆ ಒಂಬತ್ತು ವರ್ಷ ಹಿಡಿದದ್ದು ನಮಗೆ ಒಂದು ದಿನದಲ್ಲಾಯಿತು. ಪೇಪರು ಹರಡುವ ಮೇಜಿಗೆ ಜನಾರ್ದನನ ಶಾಲು ಹಾಸಿದ್ದೇನೆ. ಚೆಲ್ಲಿದ ಚಹಾ ಚೆನ್ನಾಗಿ ಹೀರುತ್ತದೆ.