‘ಇರಿ’ ಅಂದ ಮಾತು

ಆ ದಿನ ಬೆಳಗಿನಿಂದಲೇ ಗಾಳಿ. ಮೋಡವಿಲ್ಲ, ಮಳೆಯಿಲ್ಲ, ಯಾರ ಮೇಲಿನ ಸಿಟ್ಟನ್ನೋ ಯಾರ ಮೇಲೋ ತೀರಿಸಿಕೊಳ್ಳುವಂಥ ಒಣ ಗಾಳಿ. ಒಗೆದದ್ದು ಹಾರಿಹೋದೀತೆಂದು ಕಿರಿಯವಳು ತಾರಸಿಗೆ ಓಡಿದಳು. ತಂತಿಯ ಮೇಲೆ ಓರಗಿತ್ತಿಯ ಹೊಸ ಏಪ್ರನ್ ಎರಡೂ ಲಾಡಿ ಚಾಚಿ ಕೈಬೀಸಿ ಕರೆಯುತ್ತಿತ್ತು. ಹಿಡಿದು ನಿಲ್ಲಿಸಿದಳು. ಎದೆಯ ಭಾಗದಲ್ಲಿ ದಾರದ ಒಂದು ಹಸಿರು ಎಲೆ.

ಆ ಎಲೆ ಅವಳಿಗೆ ಗೊತ್ತು. ಹಾಸುಬಟ್ಟೆಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ತೂತನ್ನು ಅಮ್ಮ ಮುಚ್ಚುವಾಗ ಬಿಳಿ ದಾರ ಮುಗಿದಿತ್ತು. “ಹಸಿರೇ ಇರಲಿ, ದೇವರು ಎಲೆಗೇನು ಬಿಳಿ ಬಣ್ಣ ಕೊಟ್ಟಿದಾನಾ?” ಎಂದು ಎಲೆಯನ್ನೇ ಹೊಲಿದುಬಿಟ್ಟಿದ್ದಳು. ಕೊನೆಗೆ ಮಲಗಿ ಕಣ್ಣುಮುಚ್ಚಿದ್ದೂ ಅದೇ ಹಾಸುಬಟ್ಟೆಯ ಮೇಲೆ. ಅಮ್ಮನದೆಂದು ಮಗಳಿಗೆ ಉಳಿದದ್ದು ಅದೊಂದೇ.

ಅಣ್ಣತಮ್ಮಂದಿರ ಹೆಂಡಿರು ಇಬ್ಬರೂ. ಹಿರಿಯವಳ ಮನೆ ಕೆಳಗೆ, ಕಿರಿಯವಳದು ಮೇಲೆ. ಏಪ್ರನ್ ಹಿಡಿದು ಕೆಳಗಿಳಿದಾಗ ಹಿರಿಯವಳು ಬೇಕರಿಯ ಕೆಲಸಕ್ಕೆ ಹೊರಟಿದ್ದಳು.

“ಅಕ್ಕ, ಇದೇನು?”

“ಏಪ್ರನ್ನು. ತೋಳಿನ ಹತ್ರ ಊಟದ ತಟ್ಟೆ ಇಟ್ಟು ಗೆರೆ ಎಳ್ದೆ, ನೋಡು, ಒಂಚೂರೂ ಸೊಟ್ಟ ಇಲ್ಲ.”

“ಬಟ್ಟೆ ಯಾರದು ಅಂತ ಕೇಳಿದ್ದು.”

“ನೀನೇ ಕೊಟ್ಟಿದ್ದಲ್ವಾ, ಗೋಡೆಗೆ ಬಣ್ಣ ಹೊಡೆಸೋವಾಗ? ‘ಇಟ್ಕೊಳ್ಳಿ’ ಅಂದೆ.”

“‘ಇಟ್ಕೊಂಡಿರಿ’ ಅಂದೆ. ನಾನು ಕೇಳೋವರೆಗೂ ಇಟ್ಕೊಂಡಿರಿ.”

“ಅಯ್ಯೋ, ಒಂದು ‘ಇರಿ’ಗೆ ಇಷ್ಟು ರಾದ್ಧಾಂತನಾ?”

“ಆ ‘ಇರಿ’ನೇ ಅಕ್ಕ ಈಗ ಇರೀತಿರೋದು. ಕತ್ತರಿ ಆಡ್ಸೋಕೆ ಮುಂಚೆ ಬಾಯಿ ಆಡಿಸಬಾರದಿತ್ತಾ?”

ಹಿರಿಯವಳ ಮುಖ ಗಂಟಾಯಿತು. “ಹಳೇ ಬಟ್ಟೆ ಕಣೇ ಅದು. ಅಂಚು ಗಟ್ಟಿ ಇತ್ತು, ಲಾಡಿ ಆಯ್ತು. ನಡುವೆ ಸವೆದು ಜಾಲರಿ ಆಗಿತ್ತು.”

“ಆ ನಡುವಿಂದು ಎಲ್ಲಿ?”

ಹಿರಿಯವಳು ಒಲೆಯ ಕಡೆ ನೋಡಿದಳು. ಅಲ್ಲಿ ಹಾಲಿನ ಪಾತ್ರೆಯ ಪಕ್ಕ ಅರಿಶಿನದ ಕಲೆ ಹೊತ್ತು ಬಿದ್ದಿತ್ತು, ಮಸಿಬಟ್ಟೆಯಾಗಿ.

“ಅದು ಸುಮ್ನೆ ಸವೆದಿದ್ದಲ್ಲ,” ಎಂದಳು ಕಿರಿಯವಳು. ದನಿ ಏರಲಿಲ್ಲ, ಅದೇ ಹೆಚ್ಚು ಸುಟ್ಟಿತು. “ನಮ್ಮಮ್ಮ ಮಲಗಿ ಸವೆದಿದ್ದು. ಅದ್ರಲ್ಲಿ ನೀವು ಒಲೆ ಒರೆಸಿದ್ರಿ.”

ಒಳಗಿನಿಂದ ಭಾವ ಕೂಗಿದ. “ಬಟ್ಟೆ ತಾನೇ? ಹೊಸದು ತಂದ್ರಾಯ್ತು ಬಿಡಮ್ಮ.”

“ಅಂಗಡೀಲಿ ಅಮ್ಮನ್ನೂ ಮಾರ್ತಾರಾ ಭಾವ?”

ಏಪ್ರನ್ನನ್ನು ಕುರ್ಚಿಯ ಮೇಲೆ ಹಾಕಿ ಮೆಟ್ಟಿಲೇರಿದಳು. ಆಮೇಲೆ ವಾರವಿಡೀ ಇಬ್ಬರಿಗೂ ಮಾತಿಲ್ಲ. ಮಾತಿಗಿಂತ ಮೌನಕ್ಕೆ ಉಗುರು ಉದ್ದ. ದೇವರ ಮುಂದೆ ದೀಪ ಹಚ್ಚುವಾಗಲೂ ಕಿರಿಯವಳಿಗೆ ಆ ಅರಿಶಿನದ ಕಲೆಯೇ ಕಣ್ಣಿಗೆ ಕಟ್ಟುತ್ತಿತ್ತು. ಗಂಡ “ಕ್ಷಮಿಸಿಬಿಡು” ಎಂದರೆ, “ಕೇಳಿದವರಿಗೆ ತಾನೇ ಕ್ಷಮೆ?” ಎನ್ನುತ್ತಿದ್ದಳು. ಕೆಳಗಿನ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿಸಿದಾಗಲೆಲ್ಲ, ಇನ್ನೇನು ಕತ್ತರಿಸುತ್ತಿದ್ದಾಳೋ ಎಂದು ಮೈಯೆಲ್ಲ ಉರಿಯುತ್ತಿತ್ತು.

ಆ ವಾರ ಕಳೆದು ಒಂದು ಸಂಜೆ ಬಾಗಿಲು ಬಡಿದದ್ದು ಹಿರಿಯವಳೇ. ಕೈಯಲ್ಲಿ ಮಡಿಸಿದ ಬಿಳಿ ಬಟ್ಟೆ. ಕಿರಿಯವಳು ಅಲ್ಲೇ ನಿಂತು ಬಿಡಿಸಿದಳು. ಲಾಡಿಗಳ ಹೊಲಿಗೆ ಬಿಚ್ಚಿ, ಚಪ್ಪಟೆಯಾಗಿಸಿ, ಮತ್ತೆ ಅಂಚಿಗೆ ಕೂಡಿಸಿತ್ತು. ತೋಳಿನ ಬಳಿ ಕತ್ತರಿಸಿದ್ದ ಅರ್ಧಚಂದ್ರಗಳು ತಮ್ಮ ಜಾಗಕ್ಕೆ ಮರಳಿದ್ದವು. ಮಸಿಬಟ್ಟೆಯೂ ನಡುವಿಗೆ ಬಂದಿತ್ತು. ಕುದಿಸಿ ಕುದಿಸಿ ಒಗೆದಿದ್ದರೂ ಅರಿಶಿನ ತಿಳಿಯಾಗಿ ಉಳಿದಿತ್ತು. ಮೈತುಂಬ ಹೊಲಿಗೆಯ ಗೆರೆ. ಎಲೆ ಮಾತ್ರ ಇದ್ದ ಹಾಗೇ ಇತ್ತು.

“ಮೂಲೇಲಿ ಒಂದು ತುಂಡು ಒಲೆಗೆ ತಾಗಿ ಸುಟ್ಟುಹೋಗಿತ್ತು,” ಎಂದಳು ಹಿರಿಯವಳು, ನೆಲ ನೋಡುತ್ತ. “ಅಲ್ಲಿಗೆ ನನ್ನ ದಿಂಬಿನ ಬಟ್ಟೆ ಹಾಕಿದೀನಿ.”

ಕಿರಿಯವಳ ಕೋಪ ಇಳಿದಿರಲಿಲ್ಲ. ಆದರೆ ಏಪ್ರನ್ನಿಲ್ಲದೆ ಎದುರಿಗಿದ್ದವಳ ಎದೆ, ಹೊಟ್ಟೆ, ಮಂಡಿ ಎಲ್ಲ ಬೇಕರಿಯ ಹಿಟ್ಟು ಮೆತ್ತಿಕೊಂಡಿದ್ದು ಕಂಡಿತು.

ಹಿರಿಯವಳು ಬಟ್ಟೆಯ ಜಾರುತ್ತಿದ್ದ ತುದಿಯನ್ನೂ ಎತ್ತಿ ಅವಳ ಕೈಗಿಟ್ಟಳು.

“ಇಟ್ಕೋ,” ಎಂದು ಮೆಟ್ಟಿಲಿಳಿದಳು.